ಜನನಪೂರ್ವ ದೃಷ್ಟಿಯ ಗಣಕ ಮಾದರಿ: ಒಂದು ವಿಮರ್ಶೆ

ಅಜ್ಜಂಪುರದ ಅಮೃತಮಹಲ್ ಕರು ಕಣ್ತೆರೆದೇ ಹುಟ್ಟಿ, ಕೆಲವೇ ಗಂಟೆಗಳಲ್ಲಿ ಎದ್ದುನಿಂತು ಕೆಚ್ಚಲನ್ನು ಅರಸುತ್ತದೆ. ನೋಟದ ಅನುಭವವೇ ಇಲ್ಲದ ಗರ್ಭದಲ್ಲಿ ಮಿದುಳಿನ ದೃಷ್ಟಿಭಾಗ ಅಣಿಗೊಳ್ಳುವುದು ಹೇಗೆ? ಇಂತಹ ಪ್ರಶ್ನೆಗೆ ರಾಲ್ಫ್ ಲಿನ್ಸ್ಕರ್ 1986ರಲ್ಲಿ ಗಣಕ ಮಾದರಿಯೊಂದರ ಮೂಲಕ ಉತ್ತರಿಸಲೆತ್ನಿಸಿದರು. ಒಟ್ಟಿಗೆ ಮಿಡಿಯುವ ನರಕೋಶಗಳ ಬೆಸುಗೆ ಬಲಗೊಳ್ಳುತ್ತದೆಂಬ ಹೆಬ್ ತತ್ತ್ವವನ್ನು ಹಲವು ಪದರಗಳ ಜಾಲಕ್ಕೆ ಅನ್ವಯಿಸಿದಾಗ, ಕೇವಲ ಯಾದೃಚ್ಛಿಕ ಮಿಡಿತದಿಂದಲೇ ಗೆರೆಗಳ ಓರೆಯನ್ನು ಗುರುತಿಸುವ ಕೋಶಗಳು ರೂಪುಗೊಂಡವು. ಈ ಫಲಿತಾಂಶ ಮಹತ್ತ್ವದ್ದು. ಅದರ ಆಧಾರಕಲ್ಪನೆ ಮಾತ್ರ ಪರಿಶೀಲನಾರ್ಹ. ಮಾದರಿಯ ಮೊದಲ ಪದರದಲ್ಲಿ ನೆರೆಕೋಶಗಳ ಮಿಡಿತಗಳಿಗೆ ಪರಸ್ಪರ ಸಂಬಂಧವಿರಲಿಲ್ಲ. ಆದರೆ 1991ರಲ್ಲಿ ಮೈಸ್ಟರ್, ವಾಂಗ್, ಬೇಲರ್ ಮತ್ತು ಶಾಟ್ಜ್ ಅವರು ಬೆಕ್ಕಿನ ಭ್ರೂಣ ಹಾಗೂ ಫೆರೆಟ್ ಮರಿಗಳ ಅಕ್ಷಿಪಟಲದಲ್ಲಿ ನೆರೆಕೋಶಗಳು ಕೂಡಿ ಮಿಡಿಯುವುದನ್ನೂ ಆ ಮಿಡಿತ ಅಲೆಯಾಗಿ ಹರಡುವುದನ್ನೂ ತೋರಿಸಿದರು. ಆದ್ದರಿಂದ ಮಾದರಿಯ ಯಶಸ್ಸು ಹೀಗೂ ಆಗಬಹುದೆಂಬುದಕ್ಕೆ ಪ್ರಮಾಣವೇ ಹೊರತು, ಹೀಗೆಯೇ ಆಯಿತೆಂಬುದಕ್ಕಲ್ಲ.