ಮರಳೆರಕದ ಜಿನಬಿಂಬ: ಮಾದರಿ ಯಾವುದು?

ಮರಳಿನಲ್ಲಿ ಎರಕ ಹೊಯ್ದ ಲೋಹಬಿಂಬಗಳ ಬಗ್ಗೆ ನಮ್ಮ ಸಮಾಜದಲ್ಲಿ ಒಂದು ಅನಾದರವಿದೆ. ಒಂದೇ ಮಾದರಿಯಿಂದ ಹತ್ತಾರು ಮೂರ್ತಿಗಳನ್ನು ತೆಗೆಯುವುದರಿಂದ ಅದು ಕಲೆಯಲ್ಲ, ಬರಿಯ ಸರಕು. ಮೇಣದೆರಕದ ಮೂರ್ತಿಯೇ ಶ್ರೇಷ್ಠವೆಂಬುದು ಆ ವಾದ. ಕೊಡಗಿನ ಪುರಾತನ ಜೈನ ಕುರುಹಾದ ಮುಳ್ಳೂರಿನ ಬಸದಿಗಳು ಕೊಂಗಾಳ್ವರ ಕಾಲದವು, ಶಿಲೆಯ ಕೆಲಸ. ಅಲ್ಲಿ ಈ ಪ್ರಶ್ನೆ ಏಳದು. ಆದರೆ ಮನೆಗೂ ಬಸದಿಗೂ ಲೋಹಬಿಂಬ ಮಾಡಿಸುವ ಶ್ರಾವಕರು ಇದನ್ನು ವಿಚಾರಿಸಲೇಬೇಕಾಗಿದೆ.

ಮೇಣದೆರಕದ ಕ್ರಮವನ್ನು 12ನೆಯ ಶತಮಾನದಲ್ಲಿ ಚಾಳುಕ್ಯ ಸೋಮೇಶ್ವರನ ‘ಮಾನಸೋಲ್ಲಾಸ’ವು ವಿವರಿಸಿದೆ. ಮೇಣದ ಮೂರ್ತಿಗೆ ಮಣ್ಣು ಮೆತ್ತಿ, ಕಾಯಿಸಿ, ಮೇಣ ಹರಿದುಹೋದ ಪೊಳ್ಳಿಗೆ ಲೋಹವನ್ನು ಹೊಯ್ಯುವುದು. ಅನಂತರ ಮಣ್ಣನ್ನು ಒಡೆಯುವುದು. ಮೇಣಕ್ಕೆ ಸಂಸ್ಕೃತದಲ್ಲಿ ಮಧೂಚ್ಛಿಷ್ಟವೆಂದು ಹೆಸರು, ಅಂದರೆ ಜೇನು ತೆಗೆದಮೇಲೆ ಉಳಿದದ್ದು. ಜೇನಿನ ನಾಡಾದ ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಧುತ್ಯಾಗವು ಶ್ರಾವಕನ ಮೂಲಗುಣಗಳಲ್ಲಿ ಒಂದು. ತಾನಾಗಿ ಸುರಿದ ಜೇನಿನಲ್ಲಿಯೂ ಹಿಂಸೆಯುಂಟೆಂದು ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ವಿಧಿಸಿದ್ದಾರೆ. ಹಾಗೆಂದು ಮೇಣದೆರಕವು ನಿಷಿದ್ಧವೆಂದು ನಾನು ಹೇಳುತ್ತಿಲ್ಲ. ಈಗ ಖನಿಜಮೇಣದ ಬಳಕೆಯೂ ಇದೆ. ಆದರೆ ಅದೇ ಹೆಚ್ಚು ಶುದ್ಧವೆನ್ನುವವರು ಜೇನುಗೂಡಿನ ಲೆಕ್ಕವನ್ನೂ ಕೊಡಬೇಕಲ್ಲವೆ?

ಮರಳೆರಕದಲ್ಲಿ ಮಾದರಿಯು ಮರದ್ದೋ ಗಾರೆಯದೋ ಲೋಹದ್ದೋ ಆಗಿರುತ್ತದೆ. ಎರಡು ಭಾಗದ ಪೆಟ್ಟಿಗೆಯಲ್ಲಿ ಜೇಡಿ ಬೆರೆತ ಹಸಿ ಮರಳನ್ನು ಅದರ ಸುತ್ತ ಗಟ್ಟಿಯಾಗಿ ತುಂಬಿ, ಪೆಟ್ಟಿಗೆ ಬಿಡಿಸಿ ಮಾದರಿಯನ್ನು ಹೊರತೆಗೆದು, ಮತ್ತೆ ಮುಚ್ಚಿ ಲೋಹವನ್ನು ಹೊಯ್ಯುತ್ತಾರೆ. ಮರಳು ಕೆಡುತ್ತದೆ, ಮಾದರಿ ಉಳಿಯುತ್ತದೆ. ಮಾದರಿಯು ಮರಳನ್ನು ಕೆಡಿಸದೆ ಹೊರಬರಬೇಕೆಂಬುದೇ ಇಲ್ಲಿನ ಕಷ್ಟ. ಕಾಯೋತ್ಸರ್ಗದ ಬಿಂಬದಲ್ಲಿ ತೋಳಿಗೂ ಮೈಗೂ ನಡುವಿನ ತೆರವು, ಪಾರ್ಶ್ವನಾಥರ ಹೆಡೆಗಳ ಒಳಬದಿ, ಇವುಗಳಿಗೆ ಬೇರೆ ಮರಳಿನ ತುಂಡುಗಳನ್ನು ಕೂಡಿಸಬೇಕಾಗುತ್ತದೆ. ಆ ಶ್ರಮಕ್ಕೆ ಹಿಂಜರಿದವರು ತೆರವನ್ನೇ ಮುಚ್ಚಿಬಿಡುತ್ತಾರೆ. ಅಗ್ಗದ ಬಿಂಬಗಳಲ್ಲಿ ತೋಳು ಮೈಗೆ ಅಂಟಿಕೊಂಡಿರುವುದು ಹೀಗೆ. ಅದು ವಿಧಾನದ ದೋಷವಲ್ಲ, ಸೋಮಾರಿತನ.

ಪುನರಾವೃತ್ತಿಯ ಆಕ್ಷೇಪವಂತೂ ನನಗೆ ಒಪ್ಪಿಗೆಯಿಲ್ಲ. ಋಷಭದೇವರ ಜಟೆ, ಸುಪಾರ್ಶ್ವ ಮತ್ತು ಪಾರ್ಶ್ವರ ಹೆಡೆಗಳನ್ನು ಬಿಟ್ಟರೆ, ಲಾಂಛನವಿಲ್ಲದೆ ತೀರ್ಥಂಕರರನ್ನು ಗುರುತಿಸುವುದುಂಟೆ? ಒಂದೇ ರೂಪದ ಆವೃತ್ತಿಯು ನಮ್ಮ ಶಿಲ್ಪದ ಸ್ವಭಾವವೇ ಆಗಿದೆ.

ನಿಜವಾದ ದೋಷವಿರುವುದು ಮಾದರಿಯ ಆಯ್ಕೆಯಲ್ಲಿ. ಕಂಚು ಆರುವಾಗ ನೂರಕ್ಕೆ ಸುಮಾರು ಒಂದೂವರೆಯಷ್ಟು ಕುಗ್ಗುತ್ತದೆ. ಬಲ್ಲ ಶಿಲ್ಪಿಯು ಮಾದರಿಯನ್ನೇ ಅಷ್ಟು ದೊಡ್ಡದಾಗಿ ಮಾಡುತ್ತಾನೆ. ಖರ್ಚು ಉಳಿಸುವವನು ಹಿಂದಿನ ಎರಕವನ್ನೇ ಮಾದರಿಯಾಗಿಸುತ್ತಾನೆ. 30 ಸೆಂಟಿಮೀಟರಿನ ಬಿಂಬವು ಹೀಗೆ ಮೂರು ತಲೆಮಾರು ಇಳಿದರೆ ಸುಮಾರು 13 ಮಿಲಿಮೀಟರು ಕುಗ್ಗಿರುತ್ತದೆ. ಕಣ್ಣೆವೆ, ಎದೆಯ ಶ್ರೀವತ್ಸ ಮಾಸಿರುತ್ತವೆ.

ಇದಕ್ಕಿಂತ ಘೋರವಾದುದು ಪೂಜೆಗೊಳ್ಳುವ ಹಳೆಯ ಬಿಂಬವನ್ನು ಅಚ್ಚಿಗೆಂದು ಕೊಡುವುದು. ಪಂಚಕಲ್ಯಾಣ ಪ್ರತಿಷ್ಠೆಯಾದ ಬಿಂಬವನ್ನು ಮರಳಿನಲ್ಲಿ ಹೂತು, ಮೇಲಿನಿಂದ ಕುಟ್ಟುವುದು ಅವಿನಯವಲ್ಲವೆ? ಮೂರ್ತಿ ಹಾಗೆಯೇ ಹಿಂತಿರುಗುತ್ತದೆಯೆಂಬ ಸಮಾಧಾನ ಸಾಲದು. ಅದರಿಂದ ಹುಟ್ಟಿದ ಪ್ರತಿಗಳು ಹಳೆಯವೆಂಬ ಹೆಸರಿನಲ್ಲಿ ಎಲ್ಲಿ ಮಾರಾಟವಾದಾವೆಂಬುದನ್ನು ಯಾರು ನೋಡಿಕೊಳ್ಳುವರು?

ಬಸದಿಗಳ ಟ್ರಸ್ಟುಗಳು ಹೊಸ ಮಾದರಿಗೆ ಹಣ ತೆರಲಿ. ದರಪಟ್ಟಿಗಳನ್ನು ಓದಿಯೇ ಮುಪ್ಪಾದ ನನಗೆ, ಮಾದರಿಯ ಬಾಬತ್ತೇ ಕಾಣದ ದರಪಟ್ಟಿಯ ಮೇಲೆ ಸಂಶಯ ಬರುತ್ತದೆ. ಮಾದರಿ ಯಾರ ಸ್ವತ್ತು, ಅದರಿಂದ ಎಷ್ಟು ಎರಕ ತೆಗೆಯಬಹುದು ಎಂಬುದನ್ನು ಕರಾರಿನಲ್ಲಿ ಬರೆಸಬೇಕು. ಕೆಲಸ ಮುಗಿದೊಡನೆ ಮಾದರಿಯನ್ನು ಬಸದಿಯ ಭಂಡಾರಕ್ಕೆ ತರಿಸಿ, ದಾಖಲೆ ಪುಸ್ತಕದಲ್ಲಿ ನಮೂದಿಸಿಕೊಳ್ಳಬೇಕು.