ದನಿ ಕಿತ್ತ ಹಾಡು: ಕಿಂಗ್ ಟಬ್ಬಿಯ ಸೆಕೆಂಡ್ ಹ್ಯಾಂಡ್ ಕನ್ಸೋಲ್

ಜಮೈಕಾದ ಕಿಂಗ್‌ಸ್ಟನ್ ನಗರದಲ್ಲಿ ಡೈನಾಮಿಕ್ ಸೌಂಡ್ಸ್ ಎಂಬ ದೊಡ್ಡ ಸ್ಟುಡಿಯೊ ಇತ್ತು. 1972ರ ಕೊನೆಯಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ತನ್ನ ‘ಗೋಟ್ಸ್ ಹೆಡ್ ಸೂಪ್’ ಆಲ್ಬಂನ ಧ್ವನಿಮುದ್ರಣಕ್ಕೆ ಬಂದದ್ದು ಅಲ್ಲಿಗೇ. ಸ್ಟುಡಿಯೊ 16 ಟ್ರ್ಯಾಕ್‌ಗಳಿಗೆ ಬಡ್ತಿ ಪಡೆದಾಗ ಅದರ 4 ಟ್ರ್ಯಾಕಿನ ಹಳೆಯ ಮಿಕ್ಸಿಂಗ್ ಕನ್ಸೋಲ್ ಬೇಡವಾಯಿತು. ಫ್ಲಾರಿಡಾದ ಎಂಸಿಐ ಕಂಪನಿ ಮಾಡಿದ್ದ ಆ ಕನ್ಸೋಲನ್ನು ಕೊಂಡವನು ಆಸ್ಬೋರ್ನ್ ರಡಕ್. ರೇಡಿಯೊ, ಆಂಪ್ಲಿಫೈಯರ್ ರಿಪೇರಿ ಅವನ ಕಸುಬು. ‘ಹೋಂಟೌನ್ ಹೈ-ಫೈ’ ಎಂಬ ಸೌಂಡ್ ಸಿಸ್ಟಂನ ಒಡೆಯ ಕೂಡ. ಜನ ಅವನನ್ನು ಕರೆಯುತ್ತಿದ್ದುದು ಕಿಂಗ್ ಟಬ್ಬಿ ಎಂದು.

ಕನ್ಸೋಲ್ ಹೋಗಿ ಕೂತದ್ದು ವಾಟರ್‌ಹೌಸ್ ಎಂಬ ಬಡವರ ಬಡಾವಣೆಯ ಒಂದು ಸಣ್ಣ ಮನೆಯಲ್ಲಿ. ಅಲ್ಲಿ ವಾದ್ಯತಂಡಕ್ಕೆ ಜಾಗವೇ ಇರಲಿಲ್ಲ. ಹಾಡುಗಾರನೊಬ್ಬ ನಿಂತು ಹಾಡಲು ಬಚ್ಚಲುಮನೆಯನ್ನೇ ಸಜ್ಜುಗೊಳಿಸಿದ್ದರು. ವಾದ್ಯಗಳನ್ನು ಬೇರೆ ಸ್ಟುಡಿಯೊಗಳಲ್ಲಿ ಮುದ್ರಿಸಿಕೊಂಡು ನಿರ್ಮಾಪಕರು ಟೇಪು ಹಿಡಿದು ಬರುತ್ತಿದ್ದರು. ಅಂದರೆ ಟಬ್ಬಿಯ ಮುಂದೆ ಇದ್ದದ್ದು ಬೇರೆಯವರು ಬರೆದು ಮುಗಿಸಿದ ಪಠ್ಯ, ಮತ್ತು ಅದನ್ನು ಓದಲು ಒಂದು ಹಳೆಯ ಯಂತ್ರ.

ಕನ್ಸೋಲ್ ಎನ್ನುವುದು ಮೂಲತಃ ಕೂಡಿಸುವ ಸಾಧನ. ಡ್ರಮ್, ಬೇಸ್, ಗಿಟಾರ್ ಮತ್ತು ಕೀಬೋರ್ಡ್, ದನಿ: ಒಂದೊಂದಕ್ಕೂ ಒಂದೊಂದು ಸಾಲು, ಸಾಲಿಗೊಂದು ಫೇಡರ್. ಎಲ್ಲವನ್ನೂ ಹದವಾಗಿ ಬೆರೆಸಿ ಕೇಳುಗರಿಗೆ ಬೆಸುಗೆ ಕಾಣದಂತೆ ಒಂದು ಹಾಡು ಕೊಡುವುದು ಅದರ ಕೆಲಸ. ಟಬ್ಬಿ ಅದನ್ನು ಕಳೆಯುವುದಕ್ಕೆ ಬಳಸಿದ. ಹಾಡುಗಾರನ ದನಿಯನ್ನು ಎಕೋ ಯಂತ್ರಕ್ಕೆ ಕಳಿಸಿ, ಮರುಕ್ಷಣ ದನಿಯ ಫೇಡರ್ ಇಳಿಸಿಬಿಡುವುದು. ಆಗ ಮಾತು ನಿಂತುಹೋಗುತ್ತದೆ, ಬಾಲ ಮಾತ್ರ ಉಳಿದು ಬೇಸಿನ ಮೇಲೆ ತೇಲುತ್ತಾ ಕರಗುತ್ತದೆ. ಆ ಕನ್ಸೋಲಿನಲ್ಲಿ ಕೆಳಸ್ತರದ ನಾದವನ್ನು ಕತ್ತರಿಸುವ ಒಂದು ಫಿಲ್ಟರ್ ಇತ್ತು. ಜನ ಅದಕ್ಕೆ ‘ಬಿಗ್ ನಾಬ್’ ಎಂದೇ ಹೆಸರಿಟ್ಟಿದ್ದರು. 70 ಹರ್ಟ್ಸ್‌ನಿಂದ 7,500 ಹರ್ಟ್ಸ್‌ವರೆಗೆ ಮೆಟ್ಟಿಲು ಮೆಟ್ಟಿಲಾಗಿ ತಿರುಗುವ ಗುಬುಟು. ತಿರುಗಿಸುತ್ತಾ ಹೋದರೆ ತುಂಬಿದ ನಾದ ತೆಳ್ಳಗಾಗಿ ಕೊನೆಗೆ ಬರೀ ಸೀಳುಸದ್ದು ಉಳಿಯುತ್ತದೆ. ಸ್ಪ್ರಿಂಗ್ ರಿವರ್ಬ್ ಪೆಟ್ಟಿಗೆಗೆ ಗುದ್ದಿ ಗುಡುಗು ಬರಿಸಿದ್ದೂ ಉಂಟು. ಇದೆಲ್ಲ ಟೇಪು ಓಡುತ್ತಿರುವಾಗಲೇ ಕೈಯಲ್ಲಿ ನಡೆಯಬೇಕು. ಹಾಗಾಗಿ ಒಂದೇ ಹಾಡನ್ನು ಎರಡು ಸಲ ಮಿಕ್ಸ್ ಮಾಡಿದರೆ ಎರಡು ಬೇರೆ ಪಠ್ಯಗಳೇ ಹುಟ್ಟುತ್ತವೆ. ಈ ಪ್ರಕಾರಕ್ಕೆ ಡಬ್ ಎಂದು ಹೆಸರು.

ನಮ್ಮ ಕಾವ್ಯಮೀಮಾಂಸೆ ಓದಿದವರಿಗೆ ಇಲ್ಲಿ ಆನಂದವರ್ಧನ ನೆನಪಾಗದೆ ಇರುವುದಿಲ್ಲ. ವಾಚ್ಯದ ಬೆನ್ನಿಗೆ ಹೊಳೆಯುವ ಅರ್ಥಕ್ಕೆ ಅವನ ಪರಂಪರೆ ಕೊಟ್ಟ ಉಪಮೆ ಗಂಟೆಯ ಅನುರಣನ. ಹೋಲಿಕೆ ಎಷ್ಟು ಸಲೀಸಾಗಿ ಕೈಗೆ ಬರುತ್ತದೆಂದರೆ ಅನುಮಾನಪಡಬೇಕು. ಬೆಳಕು ಬೇಕಾದವನು ದೀಪವನ್ನು ಜೋಪಾನ ಮಾಡುವ ಹಾಗೆ, ವ್ಯಂಗ್ಯಾರ್ಥ ಬೇಕಾದವನು ವಾಚ್ಯವನ್ನು ಜೋಪಾನ ಮಾಡಬೇಕು ಎಂಬುದು ‘ಧ್ವನ್ಯಾಲೋಕ’ದ ನಿಲುವು. ಟಬ್ಬಿ ದೀಪವನ್ನೇ ಆರಿಸುತ್ತಾನೆ. ಹಾಗಾದರೆ ಬೆಳಕು ಎಲ್ಲಿಂದ ಬರುತ್ತದೆ?

ಉತ್ತರ ಕನ್ಸೋಲಿನೊಳಗಿಲ್ಲ, ಕುಣಿಯುವವರಲ್ಲಿದೆ. ಡಬ್‌ನ ಹಿಂದಿನ ರೂಪವಾದ ‘ವರ್ಷನ್’ ಹುಟ್ಟಿದ ಕತೆ ಇದನ್ನೇ ಹೇಳುತ್ತದೆ. 60ರ ದಶಕದ ಕೊನೆಯಲ್ಲಿ ರಡ್ಡಿ ರೆಡ್‌ವುಡ್ ಎಂಬ ಸೌಂಡ್ ಸಿಸ್ಟಂ ಮಾಲೀಕನಿಗೆ ಪ್ಯಾರಗಾನ್ಸ್ ತಂಡದ ‘ಆನ್ ದ ಬೀಚ್’ ಹಾಡಿನ ಒಂದು ತಟ್ಟೆ ಸಿಕ್ಕಿತು. ಕತ್ತರಿಸುವಾಗ ದನಿಯ ಟ್ರ್ಯಾಕ್ ಬಿಟ್ಟುಹೋಗಿತ್ತು. ಸ್ಪ್ಯಾನಿಷ್ ಟೌನ್‌ನ ತನ್ನ ಕುಣಿತದಲ್ಲಿ ಅವನು ಅದನ್ನೇ ನುಡಿಸಿದಾಗ ಜನ ಖಾಲಿ ಜಾಗಗಳನ್ನು ತಾವೇ ಹಾಡಿ ತುಂಬಿದರು. ಹಾಡು ಅವರಿಗೆ ಬಾಯಿಪಾಠವಾಗಿತ್ತು. ಟಬ್ಬಿಯ ಕಳೆಯುವಿಕೆಯ ಹಿಂದೆ ಈ ನಂಬಿಕೆ ಇದೆ: ಕೇಳುಗನಿಗೆ ಮೂಲ ಗೊತ್ತು. ಒಂದು ಪದದ ಮೊದಲ ಅಕ್ಷರ ಕೊಟ್ಟರೆ ಸಾಕು, ಉಳಿದದ್ದನ್ನು ಅವನು ಹೇಳಿಕೊಳ್ಳುತ್ತಾನೆ. ಸಹೃದಯ ಎಂಬ ಮಾತಿಗೆ ಇಷ್ಟು ಪ್ರತ್ಯಕ್ಷವಾದ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ಇಂದು ಡಬ್ ಕೇಳುವ ನಮ್ಮಂಥ ದೂರದವರ ತೊಂದರೆ ಶುರುವಾಗುವುದು ಇಲ್ಲೇ. ಹೆಡ್‌ಫೋನ್‌ನಲ್ಲಿ ನೇರ ಡಬ್‌ಗೇ ಬಂದು ಬೀಳುವ ನಮಗೆ ಮೂಲ ಹಾಡು ಗೊತ್ತಿರುವುದಿಲ್ಲ. ಆ ಖಾಲಿ ಜಾಗ ನಮಗೆ ಶೂನ್ಯವಾಗಿ, ಅಮೂರ್ತ ಕಲೆಯಾಗಿ, ‘ಬಾಹ್ಯಾಕಾಶ’ವಾಗಿ ಕೇಳಿಸುತ್ತದೆ. ವಿಮರ್ಶಕರೂ ಇದಕ್ಕೆ ಇಂಬು ಕೊಟ್ಟಿದ್ದಾರೆ. ಡಬ್ ಕುರಿತು ಒಳ್ಳೆಯ ಪುಸ್ತಕ ಬರೆದ ಮೈಕಲ್ ವೀಲ್ (2007) ಆ ಎಕೋದಲ್ಲಿ ಆಫ್ರಿಕಾದಿಂದ ಕಿತ್ತು ತಂದ ಜನಸಮುದಾಯದ ಚೂರಾದ ನೆನಪನ್ನು ಕೇಳುತ್ತಾರೆ. ಅದು ಬೆಲೆಯುಳ್ಳ ಓದು, ತಳ್ಳಿಹಾಕುವಂಥದ್ದಲ್ಲ. ಆದರೆ ಶತಮಾನಗಳ ನೆನಪಿಗೆ ಹಾರುವ ಮೊದಲು ಹಿಂದಿನ ತಿಂಗಳ ನೆನಪನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎನ್ನುವುದು ನನ್ನ ತಕರಾರು. ಕುಣಿತಕ್ಕೆ ಬಂದವನಿಗೆ ತಾನು ಮೊನ್ನೆ ಕೇಳಿದ ಹಾಡಿನ ಸಾಲು ಕಾಣೆಯಾದದ್ದು ಮೊದಲು ತಟ್ಟುತ್ತಿತ್ತು.

ಖಾಲಿ ಜಾಗ ಇನ್ನೊಬ್ಬರ ಮಾತಿಗೂ ಎಡೆಯಾಯಿತು. ಟಬ್ಬಿಯ ಸೌಂಡ್ ಸಿಸ್ಟಂನಲ್ಲಿ ಮೈಕ್ ಹಿಡಿಯುತ್ತಿದ್ದ ಯೂ-ರಾಯ್, ದನಿ ತೆಗೆದ ಹಾಡುಗಳ ಮೇಲೆ ಲಯಬದ್ಧವಾಗಿ ಮಾತಾಡಿದ. ಮೂಲ ಹಾಡಿನ ತುಣುಕಿಗೆ ಉತ್ತರ ಕೊಟ್ಟ, ಗೇಲಿ ಮಾಡಿದ, ಒತ್ತಾಸೆ ಕೊಟ್ಟ. 1970ರ ಹೊತ್ತಿಗೆ ಈ ಮಾತುಗಾರಿಕೆಯೇ ತಟ್ಟೆಗಳಾಗಿ ಬಂದು ಗೆದ್ದಿತು. ಮುಂದೆ ಲಂಡನ್ನಿನಲ್ಲಿ ಲಿಂಟನ್ ಕ್ವೆಸಿ ಜಾನ್ಸನ್ ಜಮೈಕಾದ ಆಡುನುಡಿಯಲ್ಲಿ ಬರೆದು ರೆಗೆ ಲಯದ ಮೇಲೆ ಓದಿದ ಕವಿತೆಗಳನ್ನು ‘ಡಬ್ ಪೊಯಟ್ರಿ’ ಎಂದು ಕರೆದರು. ಆಡುನುಡಿ ಕಾವ್ಯವಾದ ದಾರಿಯಲ್ಲಿ ಒಂದು ತಾಂತ್ರಿಕ ಕೈಚಳಕದ ಪಾಲೂ ಇದೆ ಎನ್ನುವುದನ್ನು ಸಾಹಿತ್ಯ ಚರಿತ್ರೆಗಳು ಅಡಿಟಿಪ್ಪಣಿಗೆ ತಳ್ಳಬಾರದು.

ಇಷ್ಟಾದರೂ ಕನ್ಸೋಲಿನ ಮುಂದೆ ಆರತಿ ಎತ್ತಲು ನನಗೆ ಮನಸ್ಸಿಲ್ಲ. ರೋಲಾಂ ಬಾರ್ಥ್ ಲೇಖಕನ ಸಾವನ್ನು ಸಾರಿದ ಕಾಲಕ್ಕೇ ವರ್ಷನ್ ಕೂಡ ಹುಟ್ಟಿತು ಎನ್ನುವುದು ಸೆಮಿನಾರುಗಳಿಗೆ ಒಪ್ಪುವ ಕಾಕತಾಳೀಯ. ಆದರೆ ಕಿಂಗ್‌ಸ್ಟನ್‌ನಲ್ಲಿ ಅದಕ್ಕೆ ರೊಕ್ಕದ ಮುಖವೂ ಇತ್ತು. ಒಮ್ಮೆ ಕೂಲಿ ಕೊಟ್ಟು ನುಡಿಸಿಕೊಂಡ ಹಿಮ್ಮೇಳವನ್ನು ತಟ್ಟೆಯ ಎರಡನೆಯ ಮಗ್ಗುಲಿಗೂ ಹಾಕಿದರೆ ಹೊಸ ಹಾಡಿನ ಖರ್ಚು ಉಳಿಯುತ್ತದೆ. ವಾದ್ಯದವರಿಗೆ ಆ ದಿನದ ಕೂಲಿಗಿಂತ ಹೆಚ್ಚು ಸಿಗುತ್ತಿದ್ದುದು ಅಪರೂಪ. ಆಗಸ್ಟಸ್ ಪಾಬ್ಲೊ ನಿರ್ಮಿಸಿದ ‘ಬೇಬಿ ಐ ಲವ್ ಯೂ ಸೋ’ ಹಾಡಿನ ಡಬ್ ರೂಪದ ಹೆಸರನ್ನೇ ನೋಡಿ: ‘ಕಿಂಗ್ ಟಬ್ಬಿ ಮೀಟ್ಸ್ ರಾಕರ್ಸ್ ಅಪ್‌ಟೌನ್’. ಶೀರ್ಷಿಕೆಯಲ್ಲಿ ಎಂಜಿನಿಯರ್ ಬಂದ, ಹಾಡಿದ ಜೇಕಬ್ ಮಿಲ್ಲರ್ ಹೋದ. ಪಠ್ಯದಲ್ಲಿ ಅವನ ದನಿ ಚೂರಾದದ್ದು ಕಲೆ. ಶೀರ್ಷಿಕೆಯಲ್ಲಿ ಹೆಸರು ಹೋದದ್ದನ್ನು ಕಲೆ ಎನ್ನಲಾಗದು.

ಟಬ್ಬಿಯನ್ನು 1989ರ ಫೆಬ್ರವರಿಯಲ್ಲಿ ಮನೆಯ ಹೊರಗೆ ಯಾರೋ ಗುಂಡಿಟ್ಟು ಕೊಂದರು. ಕನ್ಸೋಲ್ ಕೊನೆಗೆ ಸೇರಿದ್ದು ಅಮೆರಿಕದ ಸಿಯಾಟಲ್‌ನ ಪಾಪ್ ಸಂಸ್ಕೃತಿ ಮ್ಯೂಸಿಯಂನ ಸಂಗ್ರಹಕ್ಕೆ. ಅದರೊಳಗೆ ಈಗ ಯಾರ ಹಾಡೂ ಹರಿಯುತ್ತಿಲ್ಲ.

ಕೇಳುವ ಮನಸ್ಸಿರುವವರು ಮಿಲ್ಲರ್‌ನ ಹಾಡಿನಿಂದಲೇ ಶುರುಮಾಡಿ, ಅದೂ ಒಮ್ಮೆ ಕೇಳಿದರೆ ಸಾಲದು. ಗುನುಗುವಷ್ಟು ಆದ ಮೇಲೆ ಡಬ್ ಹಾಕಿಕೊಳ್ಳಿ. ಟಬ್ಬಿ ಅವನ ದನಿಯನ್ನು ಎಲ್ಲಿ ಕತ್ತರಿಸುತ್ತಾನೋ ಅಲ್ಲಿ ನಿಮ್ಮ ಬಾಯಿ ತಾನಾಗಿ ಆ ಸಾಲನ್ನು ಮುಂದುವರಿಸಿರುತ್ತದೆ.