ಹಣ ತೆತ್ತು ಧರಿಸಿದ ಕಿರೀಟ

ಕಲಾವಿದನ ಯಶಸ್ಸನ್ನು ಹಣದಿಂದ ಅಳೆಯಬಾರದೆಂದು ಹೇಳುವುದು ನಮ್ಮ ಸಭೆಗಳಲ್ಲಿ ವಾಡಿಕೆ. ಹೇಳುವವರು ಬಹುಮಟ್ಟಿಗೆ ಸಂಭಾವನೆ ಪಡೆದೇ ಹೇಳುತ್ತಾರೆ, ಅದಿರಲಿ. ಆ ಮಾತನ್ನು ಅಕ್ಷರಶಃ ನಡೆಸುತ್ತಿರುವ ಜನ ಬೆಂಗಳೂರಿನ ಮಗ್ಗುಲಲ್ಲೇ, ಹೊಸಕೋಟೆಯ ಸೀಮೆಯಲ್ಲಿದ್ದಾರೆ. ಪಿಲ್ಲಗುಂಪೆಯೆಂದರೆ ಪಟ್ಟಣಿಗರಿಗೆ ನೆನಪಾಗುವುದು ಅಲ್ಲಿನ ಕೈಗಾರಿಕಾ ಪ್ರದೇಶ ಮಾತ್ರ. ಆದರೆ ಆ ಕಡೆಯ ಹಳ್ಳಿಗಳಲ್ಲಿ, ಹಾಗೆಯೇ ಕೋಲಾರ, ತುಮಕೂರು, ಮಂಡ್ಯಗಳಲ್ಲಿ, ರಾತ್ರಿಯಿಡೀ ನಡೆಯುವ ‘ಕುರುಕ್ಷೇತ್ರ’ವನ್ನು ನಮ್ಮ ವಿಮರ್ಶಕರು ವಿಮರ್ಶೆಗೆ ಅರ್ಹವೆಂದು ಎಣಿಸಿದಂತೆ ತೋರುವುದಿಲ್ಲ. ಇಂಥವನ್ನು ನಾನು ಹಲವು ನೋಡಿದ್ದೇನೆ, ಒಂದೆರಡನ್ನು ಬೆಳಗಾಗುವವರೆಗೂ.

ಇದರ ಅರ್ಥಶಾಸ್ತ್ರವೇ ವಿಚಿತ್ರ. ಇಲ್ಲಿ ನಟನು ಹಣ ಪಡೆಯುವುದಿಲ್ಲ, ಕೊಡುತ್ತಾನೆ. ಪಾತ್ರಕ್ಕೆ ತಕ್ಕ ವಂತಿಗೆ: ದುರ್ಯೋಧನನಿಗೂ ಕೃಷ್ಣನಿಗೂ ಹೆಚ್ಚು, ವಿದುರನಿಗೆ ಕಡಮೆ. ಆ ಹಣವೆಲ್ಲ ಹಾರ್ಮೋನಿಯಂ ಮೇಷ್ಟರಿಗೆ, ಸೀನರಿಯ ಬಾಡಿಗೆಗೆ, ವೇಷಭೂಷಣಕ್ಕೆ, ಧ್ವನಿವರ್ಧಕಕ್ಕೆ ಹಂಚಿಹೋಗುತ್ತದೆ. ಹೊಲದ ಕೆಲಸವನ್ನೋ ಕಾರ್ಖಾನೆಯ ಪಾಳಿಯನ್ನೋ ಮುಗಿಸಿ ಬಂದವರು ತಿಂಗಳುಗಟ್ಟಲೆ ರಾತ್ರಿ ಕುಳಿತು ಕಂದ, ವೃತ್ತಗಳನ್ನು ಬಾಯಿಪಾಠ ಮಾಡುತ್ತಾರೆ. ಕೊನೆಗೆ ಸಿಕ್ಕುವುದು ಒಂದೇ ಒಂದು ರಾತ್ರಿ.

ಈ ನಾಟಕದ ಮನೆತನ ಕಂಪೆನಿ ನಾಟಕದ್ದು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪೆನಿಯು ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ಆನೆ ಕುದುರೆಗಳನ್ನು ರಂಗಕ್ಕೇ ತಂದು ಆಡಿತು. ಗುಬ್ಬಿ ವೀರಣ್ಣನವರಿಗೆ ಕಲೆ ಎಷ್ಟು ಮುಖ್ಯವೋ ಟಿಕೆಟ್ಟಿನ ಗಲ್ಲವೂ ಅಷ್ಟೇ ಮುಖ್ಯವಾಗಿದ್ದಿರಬೇಕು. ನೂರಾರು ಜನರಿಗೆ ಅನ್ನ ಹಾಕುವ ಯಜಮಾನ ಬೇರೆ ಹೇಗಿದ್ದಾನು? ಆ ವೈಭವದ ದಿನಗಳು ಸರಿದವು. ವೀರಣ್ಣನವರು 1972ರಲ್ಲಿ ತೀರಿಕೊಂಡರು. ಮಟ್ಟುಗಳೂ ಕಿರೀಟಗಳೂ ಹಳ್ಳಿಯಲ್ಲಿ ಉಳಿದುವು. ಗಲ್ಲ ಮಾತ್ರ ಉಳಿಯಲಿಲ್ಲ.

ದೋಷಗಳು ಬೇಕಾದಷ್ಟಿವೆ. ಶ್ರುತಿಗಿಂತ ಗಂಟಲೇ ಮುಂದು. ಮಾತು ಮುಗಿಯುವುದರೊಳಗೆ ಹಾಡು, ಹಾಡು ಮುಗಿಯುವುದರೊಳಗೆ ಹಾರ. ನೋಟಿನ ಮಾಲೆ ಹಾಕಲು ಬಂಧುಗಳು ರಂಗವೇರಿದರೆ ಕೌರವನ ಸಭೆ ಮದುವೆಯ ಮನೆಯಾಗುತ್ತದೆ. ಕರ್ಣನಂತೂ ಬೇಗ ಸಾಯಲು ಒಪ್ಪುವುದಿಲ್ಲ. ಸಾಯುವುದಕ್ಕೆಂದೇ ತಾನೆ ಅವನು ದುಡ್ಡು ಕೊಟ್ಟಿರುವುದು! ಆದರೂ ಕುಂತಿ ಕರ್ಣನ ಮುಂದೆ ಬಂದು ನಿಂತ ಗಳಿಗೆಯಲ್ಲಿ, ರಾತ್ರಿ ಎರಡರ ಚಳಿಯಲ್ಲಿ, ಕಂಬಳಿ ಹೊದ್ದ ಮುದುಕಿಯರು ಅಲುಗದೆ ಕುಳಿತದ್ದನ್ನು ನಾನು ಕಂಡಿದ್ದೇನೆ. 1963ರಲ್ಲಿ ತೆರೆದ ರವೀಂದ್ರ ಕಲಾಕ್ಷೇತ್ರದ ಮೆತ್ತನೆಯ ಪೀಠಗಳಲ್ಲಿ ಅಂಥ ಮೌನ ನನಗೆ ಅಪರೂಪವಾಗಿಯೇ ದೊರೆತಿದೆ.

ಈ ನಟರ ಅಳತೆಗೋಲೇನು? ‘ಒನ್ಸ್‌ಮೋರ್’ ಬಂತೇ ಎಂಬುದು ಒಂದು. ಪಕ್ಕದೂರಿನವರು ಮರುವರ್ಷ ಕರೆದರೇ ಎಂಬುದು ಅದಕ್ಕಿಂತ ದೊಡ್ಡದು. ಎಲ್ಲಕ್ಕೂ ಮೇಲಾದದ್ದು, ತಂದೆತಾಯಿ ಇಟ್ಟ ಹೆಸರು ಹಿಂದೆ ಬಿದ್ದು ಊರೆಲ್ಲ ‘ದುರ್ಯೋಧನ’ ಎಂದೇ ಕರೆಯತೊಡಗುವುದು. ಈ ಅಳತೆಯನ್ನು ನಗುವುದು ಸುಲಭ. ಆದರೆ ಅಕಾಡೆಮಿಯ ಶಾಲೂ ಪ್ರಶಸ್ತಿಪತ್ರವೂ ಇದಕ್ಕಿಂತ ಹೇಗೆ ಘನವೆಂದು ಯಾರಾದರೂ ತಿಳಿಸಿಕೊಡಬೇಕು.

ಹಾಗೆಂದು ಇದನ್ನು ನಿಷ್ಕಾಮ ಕಲೆಯೆಂದು ಹೊಗಳಲು ನಾನು ಸಿದ್ಧನಿಲ್ಲ. ಪಾತ್ರ ಹಣಕ್ಕೆ ಸಿಕ್ಕುವುದರಿಂದ ಜಾತಿಯ ಬೇಲಿ ಕೆಲವೆಡೆ ಸಡಿಲವಾಗಿರಬಹುದು. ಆದರೆ ಹಣವಿಲ್ಲದ ಒಳ್ಳೆಯ ಕಂಠ ಮಾತ್ರ ಪ್ರೇಕ್ಷಕರ ನಡುವೆಯೇ ಕುಳಿತಿರುತ್ತದೆ. ಹಣ ಕಲೆಯ ಅಳತೆಗೋಲಾಗುವುದು ತಪ್ಪಿದರೂ ಬಾಗಿಲ ಕಾವಲುಗಾರನಾಗುವುದು ತಪ್ಪಿಲ್ಲ.

ಇನ್ನು ದ್ರೌಪದಿ, ಕುಂತಿಯರ ಮಾತು. ಈ ಪಾತ್ರಗಳಿಗೆ ಹೊರಗಿನಿಂದ ವೃತ್ತಿ ಕಲಾವಿದೆಯರನ್ನು ಸಂಬಳಕ್ಕೆ ಕರೆಸುವುದುಂಟು. ರಂಗದ ಮೇಲೆ ದುಡಿದು ತಿನ್ನುವವರು ಅವರೇ. ಇಂದು ಈ ಊರು, ನಾಳೆ ಇನ್ನೊಂದು. ಹಣದಾಚೆಯ ಯಶಸ್ಸಿನ ವಿಚಾರವನ್ನು ಆಕೆಯೊಡನೆ ಎತ್ತುವ ಧೈರ್ಯ ನನಗಿಲ್ಲ. ನಾನು ಕಡೆಯ ಸಲ ನೋಡಿದ ನಾಟಕದಲ್ಲಿ ಶ್ರುತಿ ಬಿಡದೆ ಹಾಡಿದವಳು ದ್ರೌಪದಿಯೊಬ್ಬಳೇ. ಒನ್ಸ್‌ಮೋರ್ ಬಂದದ್ದು ದುರ್ಯೋಧನನಿಗೆ, ಅವನ ಭಾವಮೈದುನರಿಂದ. ಆಕೆ ಮುಖದ ಬಣ್ಣ ಒರೆಸಿಕೊಂಡು, ನೋಟುಗಳನ್ನು ಎರಡು ಸಲ ಎಣಿಸಿ, ಮೊದಲ ಬಸ್ಸಿಗೆ ಹೊರಟಳು.